ಅಕ್ಕೋರ ಮಾಲಕರು

ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜಕ್ಕಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಆಗ ಯಾರೂ ಹೇಳುತ್ತಿರಲಿಲ್ಲ. ಚಹಾದಂಗಡಿಯವನು ಕಪ್ಪುಬಸಿ ಒರೆಸುತ್ತ, ಯಾವ ಜಕ್ಕಪ್ಪ, ಕಬ್ಬಿನ ಗಾಡಿ ಜಕ್ಕಪ್ಪನೋ ಸೈಕಲ್ ಅಂಗಡಿ ಜಕ್ಕಪ್ಪನೋ ಎಂದು ತಿರುಗಿ ನಿಮಗೇ ಪ್ರಶ್ನೆ ಹಾಕುತ್ತಿದ್ದ. ಅದೇ ಅಕ್ಕೋರ ಮಾಲಕರ ಮನೆ ಎಂದು ಕೇಳಿದ್ದರೆ ಅಂಗಡಿ ಬಿಟ್ಟು ಎದ್ದು ಬಂದು ಓಣಿ ತೋರಿಸುತ್ತಿದ್ದ. ಆ ಸೀಮೆಯಲ್ಲಿ ಸಾಲಿ ಕಲಿಸುವ ಹೆಣ್ಣುಮಗಳೆಂದರೆ ಅಕ್ಕೋರು. ಅವಳ ಗಂಡನೆಂದರೆ, ಮರಾಠಿ ಬೆರೆತ ಊರಾದ್ದರಿಂದ, ಮಾಲಕರು. ಬಿ.ಎ., ಬಿ.ಎಡ್. ಎರಡೂ ಪಾಸು ಮಾಡಿದ ಮನುಷ್ಯನಿಗೆ ಊರು ಕೊಟ್ಟ ಹುದ್ದೆ ಅದೊಂದೇ. ಹಾಗೆ ಕರೆದಾಗಲೆಲ್ಲ ಜಕ್ಕಪ್ಪ ಮೇಲೆ ನಗುತ್ತಿದ್ದ, ಒಳಗೆ ಹಲ್ಲು ಕಡಿಯುತ್ತಿದ್ದ.

ಅವನು ಹುಟ್ಟಿದ್ದು ಅಥಣಿ ತಾಲೂಕಿನ ಐಗಳಿಯಲ್ಲಿ, ಕುರಿಗಾರರ ಮನೆಯಲ್ಲಿ. ತಂದೆ ಮಾಳಸಿದ್ದ ವರ್ಷದ ಅರ್ಧ ಕಾಲ ಕುರಿ ಹಿಂಡು ಹೊಡೆದುಕೊಂಡು ಊರೂರ ಹೊಲದಲ್ಲಿ ಬೀಡು ಬಿಡುವವನು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಜಕ್ಕಪ್ಪ ಒಬ್ಬನೇ. ಬಿ.ಎ. ಮುಗಿದ ವರ್ಷವೇ, ಅಂದರೆ ಎಂಬತ್ತನೇ ಇಸವಿಯಲ್ಲಿ, ಸೋದರಮಾವನ ಮಗಳು ದುಂಡವ್ವನನ್ನು ತಂದುಕೊಂಡರು. ಏಳನೆತ್ತೆ ಓದಿ ಮನೆಯಲ್ಲಿ ಕೂತ ಹುಡುಗಿ, ಬಾಯಿ ಮಾತ್ರ ಚುರುಕು.

ಹೆಂಡತಿಯಾದವಳು ಗಂಡನ ಹೆಸರು ಬಾಯಿ ಬಿಟ್ಟು ಹೇಳುವಂತಿಲ್ಲ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಹೇಳಬಹುದಾದದ್ದು ಒಡಪಿನಲ್ಲಿ ಮಾತ್ರ. ಒಂದು ಸಾಲು ಪ್ರಾಸಕ್ಕೆ, ಇನ್ನೊಂದು ಸಾಲು ಗಂಡನ ಹೆಸರಿಗೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಎಂದು ಕಾಡುತ್ತಾರೆ. ಬೇರೆ ಹುಡುಗಿಯರು ಅಲ್ಲಿ ನೆಲ ಕೆರೆಯುತ್ತ ನಿಂತುಬಿಡುತ್ತಾರೆ. ದುಂಡವ್ವ ನಿಲ್ಲಲಿಲ್ಲ.

"ಖಣದ ಕುಬಸಕ್ಕ ಹಚ್ಚೇನಿ ಕೆಂಪ ಅಸ್ತರ, ತಾಳಿ ಕಟ್ಟಿದ ಧಣಿ ನಮ್ಮ ಜಕ್ಕಪ್ಪ ಮಾಸ್ತರ."

ಆಗಿನ್ನೂ ಅವನು ಬಿ.ಎಡ್. ಕೂಡ ಸೇರಿರಲಿಲ್ಲ. ಆದರೂ ಮಾಸ್ತರ ಎಂಬ ಆ ಒಂದು ಮಾತಿಗೆ ಎದೆ ಎಷ್ಟು ಉಬ್ಬಿತೆಂದರೆ, ಇವಳನ್ನು ಓದಿಸಿಯೇ ಬಿಡುತ್ತೇನೆ ಎಂದು ಅಲ್ಲೇ ಹಟ ಹಿಡಿದ. ಮಧ್ಯಾಹ್ನ ಕುರಿಗಳು ಬೇವಿನ ಗಿಡದ ನೆರಳಲ್ಲಿ ಮೆಲುಕು ಹಾಕುವ ಹೊತ್ತು ಅವಳನ್ನು ಕೂಡಿಸಿಕೊಂಡು ಲೆಕ್ಕ ಕಲಿಸಿದ, ವ್ಯಾಕರಣ ಕಲಿಸಿದ, ತಪ್ಪಿದರೆ ತಲೆಗೊಂದು ಮೊಟಕಿ ಮತ್ತೆ ಕಲಿಸಿದ. ಅವಳು ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದಾಗ ಒಂದು ಪೆಂಟಿ ಬೆಲ್ಲ ಒಡೆದು ಐಗಳಿಯ ಓಣಿ ಓಣಿ ತಿರುಗಿ ಹಂಚಿದ. ತಾನು ಪಾಸಾದಾಗ ಹಂಚಿರಲಿಲ್ಲ. ಕುರುಬರ ಹುಡುಗನಿಗೆ ಹೆಂಡತಿಯ ಹುಚ್ಚು ಹಿಡಿದಿದೆ ಎಂದು ಊರವರು ಬೆಲ್ಲ ತಿಂದುಕೊಂಡೇ ಆಡಿಕೊಂಡರು. ಆಮೇಲೆ ಟಿ.ಸಿ.ಎಚ್. ಸೇರಿಸಿದವನೂ ಅವನೇ, ನೌಕರಿಯ ಅರ್ಜಿಯನ್ನು ತನ್ನ ಪೆನ್ನಿನಿಂದ ತುಂಬಿದವನೂ ಅವನೇ.

ಈ ನಡುವೆ ಬಿ.ಎಡ್. ಮುಗಿಸಿದ ಅವನ ಸ್ವಂತ ನೌಕರಿಯ ಬೇಟೆ ನಡೆದೇ ಇತ್ತು. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಎಲ್ಲಿ ಹೈಸ್ಕೂಲಿಗೆ ಮಾಸ್ತರರು ಬೇಕಂತೆ ಎಂಬ ಸುದ್ದಿ ಬಂದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಹೊರಗಿನ ಬೆಂಚಿನ ಮೇಲೆ ಕೂತಾಗಲೇ ಸಂಕಟ ಶುರು. ಪಕ್ಕದವನ ಬೂಟು ನೋಡುವುದು, ಇವನಿಗೆ ಒಳಗೆ ಯಾರ ಗುರುತಿದೆಯೋ ಎಂದುಕೊಳ್ಳುವುದು, ಒಳಗಿನಿಂದ ಯಾರಾದರೂ ನಗುತ್ತ ಹೊರಬಂದರೆ ತನ್ನ ಸರ್ಟಿಫಿಕೇಟುಗಳನ್ನು ಮತ್ತೆ ಎಣಿಸುವುದು. ಒಳಗೆ ಹೋದರೆ ಎಲ್ಲಾ ಪ್ರಶ್ನೆಗೂ ಉತ್ತರ ಹೇಳಿ ಬರುತ್ತಿದ್ದ. ನೌಕರಿ ಮಾತ್ರ ಬೂಟಿನವನಿಗೆ ಹತ್ತುತ್ತಿತ್ತು. ಊರಿಗೆ ಮರಳಿದರೆ ಅಗಸಿಯಿಂದ ಮನೆಯವರೆಗೆ ಒಂದೇ ಪ್ರಶ್ನೆ, ಏನಾತೋ. ಅದನ್ನು ತಪ್ಪಿಸಲು ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು ಹಿತ್ತಲ ದಾರಿಯಿಂದ ಬರುವುದನ್ನು ಕಲಿತ.

ಎಂಬತ್ತೇಳರ ಬೇಸಿಗೆಯಲ್ಲಿ ಅಂಚೆಯವನು ಕೊನೆಗೂ ಆರ್ಡರ್ ತಂದ. ಮೇಲೆ ದುಂಡವ್ವನ ಹೆಸರಿತ್ತು. ಕಾಗವಾಡದ ಕಡೆ ಪ್ರಾಥಮಿಕ ಸಾಲಿ.

ಜಕ್ಕಪ್ಪನಿಗೆ ಖುಷಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಆದರೆ ಆ ಖುಷಿ ಎದೆಯವರೆಗೆ ಬಂದದ್ದು ಬಾಯಿಗೆ ಬರಲಿಲ್ಲ. ಆ ಕಾಗದವನ್ನು ಓದಿದ, ಮತ್ತೆ ಓದಿದ, ಎಲ್ಲೋ ತಪ್ಪಿ ತನ್ನ ಹೆಸರಿನ ಬದಲು ಇವಳ ಹೆಸರು ಬಿದ್ದಿರಬಹುದೇ ಎಂದು ಸಹ ಒಂದು ಗಳಿಗೆ ನೋಡಿದ. ಇಂಥ ಯೋಚನೆ ಬಂತಲ್ಲ ಎಂದು ನಾಚಿಕೆಯೂ ಆಯಿತು. ಆ ಸಲ ಬೆಲ್ಲ ಹಂಚಿದವನು ಮುದುಕ ಮಾಳಸಿದ್ದ. ಮಗ ತಲೆನೋವೆಂದು ಕಂಬಳಿ ಹೊದ್ದು ಮಲಗಿದ್ದ.

ಕಾಗವಾಡದಲ್ಲಿ ಚನ್ನವ್ವ ಎಂಬಾಕೆಯ ಹಿತ್ತಲ ಖೋಲಿ ಬಾಡಿಗೆಗೆ ಸಿಕ್ಕಿತು. ಚನ್ನವ್ವ ಮತ್ತು ಅವಳ ಗಂಡ ವಿರುಪಾಕ್ಷಪ್ಪ ದ್ರಾಕ್ಷಿ ತೋಟದ ಜನ, ಉಂಡುಟ್ಟು ಸುಖವಾಗಿದ್ದವರು. ಚನ್ನವ್ವನಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಗೊತ್ತಿಲ್ಲ, ಅನ್ನಿಸಿದ್ದನ್ನು ಮುಖಕ್ಕೇ ಹೇಳುವವಳು.

ಅಲ್ಲಿಗೆ ಬಂದ ಮೇಲೆ ಜಕ್ಕಪ್ಪನ ಹೊಟ್ಟೆಕಿಚ್ಚಿಗೆ ಕೈಕಾಲು ಬಂದವು. ನೆರೆಯವನ ಮೇಲೆ ಕಿಚ್ಚು ಬಂದರೆ ಬಾಗಿಲು ಹಾಕಿಕೊಳ್ಳಬಹುದು, ದಾಯಾದಿಯ ಮೇಲೆ ಬಂದರೆ ಊಟ ಬಿಡಬಹುದು. ಒಂದೇ ಹಾಸಿಗೆಯಲ್ಲಿ ಮಲಗುವ ಹೆಂಡತಿಯ ಮೇಲೆ ಬಂದರೆ ಎಲ್ಲಿಗೆ ಹೋಗುತ್ತೀರಿ? ಅವಳ ಸೆರಗಿಗೆ ಹತ್ತಿದ ಸೀಮೆಸುಣ್ಣದ ಪುಡಿ ಕಂಡರೆ ಉರಿ. ಸಂತೆಯಲ್ಲಿ ಮಕ್ಕಳು ಅವಳಿಗೆ ನಮಸ್ಕಾರ ಹೊಡೆದು, ಪಕ್ಕದಲ್ಲಿ ಕಾಯಿಪಲ್ಲೆ ಚೀಲ ಹಿಡಿದ ಇವನನ್ನು ಬೇಲಿ ಗೂಟದಂತೆ ದಾಟಿ ಹೋದರೆ ಉರಿ. ಹೆಡ್‌ಮಾಸ್ತರ ಹೀಗಂದರು ಹಾಗಂದರು ಎಂದು ಅವಳು ನಗುತ್ತ ಹೇಳಿದರೆ ಮತ್ತೂ ಉರಿ. ಅದೇ ಸಾಲಿಯಲ್ಲಿ ಓದುತ್ತಿದ್ದ ಅವರ ಪುಟ್ಟ ಮಗಳು ಸಹ ಅಲ್ಲಿ ತಾಯಿಯನ್ನು ಅಕ್ಕೋರೆ ಎಂದೇ ಕರೆಯುತ್ತಿದ್ದಳು, ಮನೆಗೆ ಬಂದು ಕಳೆಯುವ ಲೆಕ್ಕ ಬಿಡಿಸಲಿಕ್ಕೆ ಪಾಟಿ ಹಿಡಿದು ಅಪ್ಪನನ್ನು ದಾಟಿ ಒಲೆಯ ಮುಂದಿದ್ದ ಅವ್ವನ ಹತ್ತಿರ ಹೋಗುತ್ತಿದ್ದಳು. ಆ ಲೆಕ್ಕ ಅವ್ವನಿಗೆ ಕಲಿಸಿದವರು ಯಾರು? ಅದನ್ನು ಮಗಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಉರಿಯನ್ನು ಸಹಿಸಲು ಅವನು ತನ್ನದೇ ದಾರಿ ಹುಡುಕಿಕೊಂಡ. ದುಂಡವ್ವ ನಾಳೆಯ ಪಾಠ ಬರೆದುಕೊಂಡಿದ್ದರೆ ಕೆಂಪು ಪೆನ್ನು ತಂದು ತಿದ್ದಲು ಕೂರುತ್ತಿದ್ದ. ತಪ್ಪಿದ್ದರೆ ಅಂದು ಊಟ ರುಚಿಯಾಗುತ್ತಿತ್ತು. ಈಚೆಗೆ ತಪ್ಪು ಸಿಗುವುದೂ ಕಡಿಮೆಯಾಗಿತ್ತು, ಅದೂ ಒಂದು ದುಃಖವೇ. ಇನ್ನು ಹಗಲು ಹೊತ್ತು ಮನೆಯಲ್ಲಿ ಕೂತರೆ ಓಣಿಯ ಹೆಂಗಸರ ಕಣ್ಣು. ಅದಕ್ಕೆ ಅವಳು ಸಾಲಿಗೆ ಹೊರಡುವ ಮೊದಲೇ ಅಂಗಿ ತೊಟ್ಟು, ಸರ್ಟಿಫಿಕೇಟುಗಳ ಫೈಲು ಕಂಕುಳಲ್ಲಿ ಇಟ್ಟು, ಇಂಟರ್‌ವ್ಯೂ ಇದೆ ಎಂದು ಬಸ್ಸು ಹತ್ತುತ್ತಿದ್ದ. ಇಂಟರ್‌ವ್ಯೂ ಎಲ್ಲಿಯದು? ಮಿರಜ ಸ್ಟೇಶನ್ನಿನ ಬೆಂಚು. ಅಲ್ಲಿ ಯಾರೂ ಗುರುತಿನವರಿಲ್ಲ. ಫೈಲು ಹಿಡಿದು ಕೂತವನನ್ನು ನೋಡಿ ಜನ ಯಾವುದೋ ಸಾಹೇಬ ಗಾಡಿ ಕಾಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ಒಮ್ಮೆ ಮರಾಠಿಯಲ್ಲಿ ಮಾಸ್ತರ ಎಂದು ಕರೆದು ಗಾಡಿಯ ಹೊತ್ತು ಕೇಳಿದಳು. ಆ ದಿನ ಪೂರ್ತಿ ಅವನ ಮನಸ್ಸು ತಂಪಾಗಿತ್ತು, ಸಂಜೆ ಹೆಂಡತಿಗೆ ಮಲ್ಲಿಗೆ ಮಾಲೆ ಸಹ ತಂದ.

ಕಬ್ಬು ಕಡಿದ ಮೇಲೆ ಮಾಳಸಿದ್ದ ಕುರಿ ಹಿಂಡು ತಂದು ವಿರುಪಾಕ್ಷಪ್ಪನ ಹೊಲದಲ್ಲೇ ಬೀಡು ಬಿಟ್ಟ. ಹಿಕ್ಕೆ ಗೊಬ್ಬರ ಹೊಲಕ್ಕೆ, ಜೋಳ ಕುರಿಗಾರನಿಗೆ, ಇದು ಹಳೇ ರೂಢಿ. ಮುದುಕ ಜೊತೆಯ ಕುರಿಗಾರರ ಮುಂದೆಲ್ಲ ನಮ್ಮ ಸೊಸಿ ಅಕ್ಕೋರು ಅದಾಳ ಎಂದು ಮೀಸೆ ತಿರುವಿದ. ಮಗ ಬಿ.ಎ. ಆದಾಗ ಇದೇ ಮೀಸೆ ಇದೇ ರೀತಿ ತಿರುವಿದ್ದನ್ನು ಜಕ್ಕಪ್ಪ ಮರೆತಿರಲಿಲ್ಲ. ಹೆಂಡತಿ ತನ್ನ ನೌಕರಿಯನ್ನಷ್ಟೇ ಅಲ್ಲ, ತನ್ನ ಅಪ್ಪನನ್ನೂ ತೆಗೆದುಕೊಂಡಳು ಎನ್ನಿಸಿ ಆ ಮಧ್ಯಾಹ್ನ ಅರ್ಧ ರೊಟ್ಟಿ ಬಿಟ್ಟು ಎದ್ದ.

ಎಂಬತ್ತೊಂಬತ್ತರ ಸಂಕ್ರಾಂತಿ ಬಂತು. ಸಂಕ್ರಾಂತಿಯ ಹಿಂದೆಯೇ ಅಲ್ಲಿ ಮನೆಮನೆಗೆ ಅರಿಶಿನ ಕುಂಕುಮದ ಕರೆ. ಮುತ್ತೈದೆಯರೆಲ್ಲ ಸೇರುತ್ತಾರೆ, ಕುಸುರೆಳ್ಳು ಹಂಚುತ್ತಾರೆ, ಒಬ್ಬೊಬ್ಬರಾಗಿ ಒಡಪು ಹಾಕಿ ಗಂಡನ ಹೆಸರು ಹೇಳುತ್ತಾರೆ. ಹೇಳದೆ ಯಾರನ್ನೂ ಎಬ್ಬಿಸುವುದಿಲ್ಲ. ಆ ವರ್ಷ ಚನ್ನವ್ವನ ಪಡಸಾಲೆಯಲ್ಲಿ ದುಂಡವ್ವನಿಗೂ ಕರೆ ಇತ್ತು. ಜಕ್ಕಪ್ಪ ಹೊರಗೆ ಕಟ್ಟೆಯ ಮೇಲೆ ವಿರುಪಾಕ್ಷಪ್ಪನ ಜೊತೆ ಕೂತಿದ್ದ. ಕಿವಿ ಮಾತ್ರ ಪಡಸಾಲೆಯಲ್ಲಿತ್ತು.

ಚನ್ನವ್ವ ತನ್ನ ಗಂಡನ ಹೆಸರನ್ನು ದ್ರಾಕ್ಷಿ ಬಳ್ಳಿಗೆ ಸುತ್ತಿ ಹೇಳಿದಳು, ಇನ್ನೊಬ್ಬಾಕೆ ಕಂಡಕ್ಟರ್ ಗಂಡನನ್ನು ಬಸ್ಸಿನ ಗಂಟೆಗೆ ಕಟ್ಟಿದಳು. ಗಂಡಂದಿರಿಗೆಲ್ಲ ಒಂದೊಂದು ಕೆಲಸ ಇತ್ತು. ದುಂಡವ್ವನ ಸರದಿ ಬಂದಾಗ ಜಕ್ಕಪ್ಪ ಕಟ್ಟೆಯ ತುದಿಗೆ ಸರಿದ. ಇವಳು ನನ್ನ ಹೆಸರಿನ ಹಿಂದೆ ಏನು ಕಟ್ಟುತ್ತಾಳೆ, ಮಿರಜದ ಬೆಂಚನ್ನೇ ಎಂದುಕೊಂಡ. ಅವಳು ಹೊಸ್ತಿಲ ಮೇಲಿನ ಆ ಹಳೆಯ ಒಡಪನ್ನೇ ಹಾಕಿದಳು. ಖಣದ ಕುಬಸ, ಕೆಂಪು ಅಸ್ತರ, ಜಕ್ಕಪ್ಪ ಮಾಸ್ತರ. ಯಾವಳೋ ಒಬ್ಬಳು, ನಿಮ್ಮ ಮಾಲಕರು ಯಾವ ಸಾಲಿಯೊಳಗ ಮಾಸ್ತರ ಅದಾರ್ರಿ ಎಂದು ಕೇಳಿದ್ದು ಕೇಳಿಸಿತು. ಅಷ್ಟಕ್ಕೇ ಅವನು ಎದ್ದ. ವಿರುಪಾಕ್ಷಪ್ಪ ಕರೆಯುತ್ತಿದ್ದರೂ ಕೇಳದೆ ತೋಟದ ಹಾದಿ ಹಿಡಿದ. ಹೆಂಗಸರು ಕಿಸಕ್ಕನೆ ನಕ್ಕದ್ದು ಹಿಂದಿನಿಂದ ಕೇಳಿಸಿತು.

ತಿರುಗಿ ಬಂದು ಹೆಂಡತಿಯ ಮುಂದೆ ನಿಂತಾಗ ಅವನ ಮುಖ ಅವನದಾಗಿರಲಿಲ್ಲ. ನಾಲ್ಕು ಮಂದಿಯ ಮುಂದೆ ಗಂಡನ ಮಾನ ಹರಾಜು ಹಾಕಿದೆ, ನಿನಗೆ ನೌಕರಿಯ ಸೊಕ್ಕು ಏರಿದೆ ಎಂದೆಲ್ಲ ಅಂದ. ದುಂಡವ್ವ ಏನೋ ಹೇಳಲು ಬಾಯಿ ತೆರೆದಳು. ಅವನು ಬಿಡಲಿಲ್ಲ.

"ಇನ್ನ ಮ್ಯಾಲ ನನ್ನ ಹೆಸರ ನಿನ್ನ ಬಾಯಾಗ ಬರಬಾರದು."

ಅವಳು ತೆರೆದ ಬಾಯಿ ಮುಚ್ಚಿದಳು. ಅವಳಿಗೂ ಹಟ ಇತ್ತು, ಸೋದರಸಂಬಂಧ ನೋಡಿ, ಒಂದೇ ಬೇರಿನ ಹಟ.

ಆ ವರ್ಷ ಹಾಗೇ ಸರಿಯಿತು. ನಿಪ್ಪಾಣಿಯಲ್ಲಿ ಒಂದು ನಿಜವಾದ ಇಂಟರ್‌ವ್ಯೂ ಬಂತು. ಸರ್ಕಾರ ಹಾಕಿದ ವಯಸ್ಸಿನ ಗೆರೆ ಹತ್ತಿರ ಬಂದಿತ್ತು, ಇದು ತಪ್ಪಿದರೆ ಇನ್ನು ಮಾಸ್ತರಿಕೆ ಕನಸೇ ಎಂದು ಅವನಿಗೆ ಗೊತ್ತಿತ್ತು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹುಡುಗ ಇವನನ್ನು ನೋಡಿ, ನೀವು ಪ್ರಶ್ನೆ ಕೇಳುವವರೇನ್ರಿ ಸರ್ ಎಂದು ಎದ್ದು ನಿಂತ. ಆ ಹುಡುಗನಿಗೇ ಕೆಲಸ ಹತ್ತಿತು. ಆ ವರ್ಷದ ಡಿಸೆಂಬರಿನಲ್ಲಿ ದುಂಡವ್ವನ ನೌಕರಿ ಕಾಯಂ ಆದ ಆರ್ಡರ್ ಬಂತು. ಅವಳು ತಂದು ಅವನ ಕೈಗೇ ಕೊಟ್ಟಳು. ಅವನು ಹೂಂ ಎಂದು ತಿರುಗಿಸಿ ಕೊಟ್ಟು, ಛತ್ರಿ ಎಲ್ಲಿದೆ ಎಂದು ಕೇಳಿದ. ಹೊರಗೆ ಬಿಸಿಲಿತ್ತು.

ಮತ್ತೆ ಸಂಕ್ರಾಂತಿ, ಮತ್ತೆ ಚನ್ನವ್ವನ ಪಡಸಾಲೆ. ಜಕ್ಕಪ್ಪ ಕಟ್ಟೆಯ ಮೇಲೆ ಕೂರಬಾರದೆಂದುಕೊಂಡೇ ಕೂತ. ಇವಳು ಏನು ಹೇಳುತ್ತಾಳೋ ಎಂಬುದು ಬೇಡವಾಗಿತ್ತು, ಕೇಳದೆ ಇರಲೂ ಆಗುತ್ತಿರಲಿಲ್ಲ. ಒಡಪುಗಳು ಒಂದೊಂದಾಗಿ ಬಂದವು. ದುಂಡವ್ವನ ಸರದಿಗೆ ಒಳಗೆ ಸದ್ದಡಗಿತು. ಹೆಂಗಸರು ಮೊದಲು ಕಾಡಿದರು, ಆಮೇಲೆ ರಮಿಸಿದರು. ಅವಳು ಬರುವುದಿಲ್ಲ ಎನ್ನಲಿಲ್ಲ, ಮರೆತೆ ಎನ್ನಲಿಲ್ಲ. ಸುಮ್ಮನೆ ಕುಂಕುಮ ಹಚ್ಚಿಸಿಕೊಂಡು, ಎಳ್ಳು ಉಡಿಗೆ ಹಾಕಿಸಿಕೊಂಡು ಎದ್ದು ಹಿತ್ತಲ ಬಾಗಿಲಿನಿಂದ ಹೋದಳು. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಗಂಡ ಬದುಕಿದ್ದೂ ಆ ದಿನ ಹೆಸರು ಹೇಳದವಳೆಂದರೆ ಬಿಟ್ಟವಳು ಇಲ್ಲವೇ ಬಿಡಿಸಿಕೊಂಡವಳು. ದಿನಾ ಬಸ್ಸು ಹತ್ತಿ ಹೋಗುವ ಗಂಡ ಮಿರಜದಲ್ಲಿ ಇನ್ನೊಂದು ಮನೆ ಮಾಡಿದ್ದಾನೆ ಎಂಬಲ್ಲಿಯವರೆಗೆ ಮಾತು ಹೋಯಿತು.

ಚನ್ನವ್ವ ಕುಂಕುಮದ ಕೈಯಲ್ಲೇ ಹೊರಗೆ ಬಂದು ಅವನ ಎದುರು ನಿಂತಳು. ಏನು ಮಾಡಿದಿರಿ ಆ ಹೆಣ್ಣಿಗೆ ಎಂದು ಕೇಳಿದಳು. ಜಕ್ಕಪ್ಪನಿಗೂ ರೇಗಿತು. ಹೋದ ವರ್ಷ ಮಾಸ್ತರ ಎಂದು ಹೇಳಿಸಿ ನೀವೆಲ್ಲ ನಕ್ಕಿದ್ದು ಸಾಲಲಿಲ್ಲವೇ ಎಂದ. ಚನ್ನವ್ವ ಕುಂಕುಮದ ಕೈಯನ್ನು ಅಡ್ಡ ಆಡಿಸಿದಳು.

"ನಿಮಗ ನಕ್ಕಿಲ್ರೀ ಮಾಲಕರ. ಯಾವ ಸಾಲಿ ಅಂತ ಕೇಳಿದಾಕಿಗೆ ದುಂಡವ್ವಕ್ಕ ಏನಂದ್ಲು ಗೊತ್ತೈತೇನು? ನಮ್ಮ ಸಾಲಿ ಬೇವಿನ ಗಿಡದ ಬುಡಕ ಇತ್ತರಿ, ವಿದ್ಯಾರ್ಥಿ ನಾ ಒಬ್ಬಾಕೀನ, ಅವರು ಕಲಿಸಿದ್ದನ್ನ ನಾ ಈಗ ನಿಮ್ಮ ಮಕ್ಕಳಿಗೆ ಕಲಿಸಾಕತ್ತೇನಿ ಅಂದ್ಲು. ಕೇಳಿದಾಕಿ ಮಾರಿ ಸಣ್ಣದಾತು, ಅದಕ್ಕ ನಾವು ನಕ್ಕವಿ. ನೀವು ಅಷ್ಟೊತ್ತಿಗೆ ಎಲ್ಲಿ ಹೋಗಿದ್ರಿ?"

ಜಕ್ಕಪ್ಪ ತೋಟದ ಹಾದಿಯ ಕಡೆ ನೋಡಿದ. ಒಂದು ಮಾತು, ಒಂದೇ ಒಂದು ಮಾತು ಕೂತು ಕೇಳಿದ್ದರೆ ಆಗುತ್ತಿತ್ತು. ಒಂದು ವರ್ಷ ಪೂರ್ತಿ ಅವಳ ಬಾಯಿಗೆ ಬೀಗ ಹಾಕಿ, ತಾನು ಅದರ ಮೇಲೆ ಕೂತಿದ್ದ.

ಖೋಲಿಗೆ ಬಂದಾಗ ದುಂಡವ್ವ ಉಡಿಯ ಎಳ್ಳನ್ನು ಡಬ್ಬಿಗೆ ಹಾಕುತ್ತಿದ್ದಳು. ತಪ್ಪಾಯಿತು ಎನ್ನಬೇಕೆಂದು ಬಂದವನ ಬಾಯಿಂದ ಹೊರಟದ್ದು ಮತ್ತೆ ಜಗಳದ ಮಾತೇ. ಹೋದ ವರ್ಷವೇ ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದ. ನೀವು ಕೇಳಲಿಲ್ಲ ಎಂದಳು. ಹೋಗಲಿ, ಈ ವರ್ಷವಾದರೂ ನನ್ನ ಮಾತು ಮೀರಿ ಹೇಳಬಹುದಿತ್ತಲ್ಲ, ಇಷ್ಟೆಲ್ಲ ಮಾತು ಬರುತ್ತಿರಲಿಲ್ಲ ಎಂದ. ಆಗ ಅವಳು ಡಬ್ಬಿಯ ಮುಚ್ಚಳ ಹಾಕಿ ಅವನ ಕಡೆ ತಿರುಗಿದಳು.

"ನಿಮ್ಮ ಮಾತಿಗೆ ಅಂಜಿ ಸುಮ್ಮಕ ಕೂತೆ ಅಂತ ತಿಳಕೊಂಡೀರೇನು? ನಾ ಹೆಸರ ಹೇಳತಿದ್ದದ್ದು ನಾ ಪಾಸಾದಾಗ ಊರ ತುಂಬ ಬೆಲ್ಲ ಹಂಚಿದವರದು. ಅವರು ಈ ಮನ್ಯಾಗ ಇಲ್ಲರಿ. ಕಾಯಂ ಆತು ಅಂತ ಹೇಳಿದ್ರ ಛತ್ರಿ ಕೇಳಾವರ ಹೆಸರ ಹೇಳಾಕ ನನಗ ಒಡಪು ಬರಂಗಿಲ್ಲ."

ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಮಕ್ಕಳಿಗೆ ಪಾಠ ಹೇಳಿದಂತೆ ಸಾವಕಾಶ ಹೇಳಿ ಒಲೆಯ ಕಡೆ ಹೋದಳು. ಜಕ್ಕಪ್ಪ ಗೋಡೆಯ ಗೂಟಕ್ಕೆ ನೇತು ಹಾಕಿದ ಫೈಲಿನ ಚೀಲವನ್ನು ನೋಡುತ್ತ ನಿಂತ. ನೌಕರಿ ಇಲ್ಲ ಎಂದು ಇಷ್ಟು ವರ್ಷ ಉರಿದಿದ್ದ. ಯಾರೂ ಅರ್ಜಿ ಕೇಳದೆ, ವಯಸ್ಸು ಕೇಳದೆ ಕೊಟ್ಟ ಒಂದು ಮಾಸ್ತರಿಕೆ ತನ್ನಲ್ಲಿತ್ತು. ಅದನ್ನು ತಾನೇ ಬಿಟ್ಟುಕೊಟ್ಟಿದ್ದ.

ಚಪ್ಪಲಿ ಮೆಟ್ಟಿ ಸೀದಾ ಮೂಲೆಯ ಕಿರಾಣಿ ಅಂಗಡಿಗೆ ಹೋದ. ಬೆಲ್ಲ ಕೊಡು ಎಂದ. ಅಂಗಡಿಯ ಅಣ್ಣಾಸಾಬ ಬೆಲ್ಲ ಕಟ್ಟುತ್ತ ಕಣ್ಣರಳಿಸಿ, ಏನ್ರಿ ಮಾಲಕರ, ಕಡೀಕ ನೌಕರಿ ಹತ್ತಿತೇನ್ರಿ ಎಂದ. ಗಾಯಕ್ಕೆ ಉಪ್ಪು ಸವರಿದಂತಾಯಿತು. ತಿರುಗಿ ಹೋಗಿಬಿಡಲೇ ಎನ್ನಿಸಿತು. ಹೋಗಲಿಲ್ಲ.

"ನನಗಲ್ಲರಿ. ನಮ್ಮ ದುಂಡವ್ವ ಅಕ್ಕೋರದು ಕಾಯಂ ಆತು. ಬಾಯಿ ಸಿಹಿ ಮಾಡ್ರಿ."

ಓಣಿಯ ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ ಬಂತು. ಕೈಯಲ್ಲಿ ಬೆಲ್ಲ ಕಂಡರೆ ಜನ ಇನ್ನೇನು ಕೇಳುತ್ತಾರೆ ಪಾಪ. ಪ್ರತಿ ಬಾಗಿಲಲ್ಲೂ ಅವನು ನನಗಲ್ಲ ಎಂದ, ಅವಳಿಗೆ ಎಂದ. ಹೇಳುತ್ತ ಹೋದ ಹಾಗೆ ಸಲೀಸಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಕೊನೆಯ ಮನೆಯ ಬಾಗಿಲಲ್ಲಿ ಸಹ ನನಗಲ್ಲ ಎನ್ನುವಾಗ ಮೊದಲ ಬಾಗಿಲಿನಷ್ಟೇ ಉರಿಯಿತು. ಚನ್ನವ್ವ ಮಾತ್ರ ಏನೂ ಕೇಳದೆ ದೊಡ್ಡ ತುಣುಕನ್ನೇ ಆರಿಸಿ ಬಾಯಿಗೆ ಹಾಕಿಕೊಂಡಳು.

ಒಂದು ಚೂರು ಉಳಿಸಿಕೊಂಡು ಮನೆಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ದುಂಡವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನು ಬೆಲ್ಲದ ಚೂರು ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ, ಅವನ ಮುಖವನ್ನೇ ನೋಡಿದಳು.

"ಹೊಟ್ಟಿ ಉರಿ ಆರಿತೇನ್ರಿ?"

ಹೂಂ ಎನ್ನಲು ಎಷ್ಟೊತ್ತು? ಮಿರಜದ ಇಂಟರ್‌ವ್ಯೂಗಳಂತೆ ಇದಕ್ಕೂ ಒಂದು ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಜಕ್ಕಪ್ಪ ಹೊಸ್ತಿಲು ನೋಡಿದ, ಅವಳ ಸೆರಗಿನ ಸೀಮೆಸುಣ್ಣ ನೋಡಿದ.

"ಇಲ್ಲ," ಎಂದ. "ಆರಿಲ್ಲ."

ದುಂಡವ್ವ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು ದಾರಿ ಬಿಟ್ಟಳು.

"ಇರಲಿ," ಎಂದಳು. "ಒಳಗ ಬರ್ರಿ ಮಾಸ್ತರ, ರೊಟ್ಟಿ ಆರತಾವ."